ಮಗು ತಪ್ಪುತ್ತಿರುವುದು ಕಣ್ಣೆದುರೇ ಕಂಡರೂ ಸುಮ್ಮನಿರಬೇಕೇ?

ಪ್ರಶ್ನೆ: ನನ್ನ ಮಗ ನಾಲ್ಕನೇ ತರಗತಿಯಲ್ಲಿ ಓದುತ್ತಿದ್ದಾನೆ. ಮನೆಯಲ್ಲಿ ಲೆಕ್ಕ ಮಾಡಲು ಕೂತಾಗ ಅವನು ತಪ್ಪು ದಾರಿ ಹಿಡಿದ ಕೂಡಲೇ ನಾನು ತಿದ್ದುತ್ತೇನೆ. ‘ತಪ್ಪು ಮಾಡಲಿ ಬಿಡಿ, ಹಾಗೆಯೇ ಕಲಿಯುತ್ತಾನೆ’ ಎಂದು ಶಾಲೆಯಲ್ಲಿ ಹೇಳುತ್ತಾರೆ. ಬಿಟ್ಟರೆ ಆ ತಪ್ಪೇ ತಲೆಯಲ್ಲಿ ಕೂತುಬಿಡುವುದಿಲ್ಲವೇ? ಆಟದಲ್ಲಿ ಸೋತರೆ ಅಳುತ್ತಾನೆಂದು ಅವನ ಅಜ್ಜ ಬೇಕೆಂದೇ ಸೋತುಕೊಡುತ್ತಾರೆ. ಅದಾದರೂ ಸರಿಯೇ?
(ತೀರ್ಥಹಳ್ಳಿ ತಾಲ್ಲೂಕಿನ ತಾಯಿಯೊಬ್ಬರು)

ಉತ್ತರ: ಸಾಗರ ತಾಲ್ಲೂಕಿನ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವ ನಾನು ಈ ಪ್ರಶ್ನೆಯನ್ನು ಪ್ರತಿ ವರ್ಷದ ಪೋಷಕರ ಸಭೆಯಲ್ಲೂ ಕೇಳಿಸಿಕೊಂಡಿದ್ದೇನೆ. ಕೇಳುವವರ ದನಿಯಲ್ಲಿ ಮಗುವಿನ ಮೇಲಿನ ಅಕ್ಕರೆಯೇ ಇರುತ್ತದೆ, ಆದ್ದರಿಂದ ಇದಕ್ಕೆ ಹಾರಿಕೆಯ ಉತ್ತರ ಕೊಡಬಾರದು. ಮೊದಲು ಚಿಕ್ಕದಾಗಿ ಹೇಳುತ್ತೇನೆ: ಮಗನಿಗೆ ತಪ್ಪುವ ಅವಕಾಶ ಕೊಡಿ, ಆದರೆ ತಪ್ಪಿದ ಲೆಕ್ಕವನ್ನು ಹಾಗೆಯೇ ಮುಚ್ಚಿಟ್ಟು ಮಲಗಲು ಬಿಡಬೇಡಿ. ಸೋಲು ತಾನಾಗಿ ಏನನ್ನೂ ಕಲಿಸುವುದಿಲ್ಲ. ಯಾಕೆ ಸೋತೆ ಎಂಬುದು ಮಗುವಿನ ಕಣ್ಣಿಗೆ ಬಿದ್ದು, ಇನ್ನೊಮ್ಮೆ ಮಾಡಿ ನೋಡಲು ಅವಕಾಶವಿದ್ದು, ಸೋತದ್ದಕ್ಕೆ ಮರ್ಯಾದೆ ಹೋಗದಿದ್ದರೆ ಮಾತ್ರ ಅದು ಕಲಿಸುತ್ತದೆ.

ಒಂದು ಲೆಕ್ಕವನ್ನೇ ಹತ್ತಿರದಿಂದ ನೋಡೋಣ. ಕಳೆದ ವರ್ಷ ನನ್ನ ತರಗತಿಯ ಹುಡುಗನೊಬ್ಬ 52ರಲ್ಲಿ 27 ಕಳೆದು 35 ಎಂದು ಸ್ಲೇಟಿನಲ್ಲಿ ಬರೆದಿದ್ದ. ತಪ್ಪು ಎಂದು ಗೀಟು ಹಾಕಿ 25 ಎಂದು ಬರೆದುಕೊಡಲು ನನಗೆ ಅರ್ಧ ನಿಮಿಷ ಸಾಕಿತ್ತು. ಅದರ ಬದಲು ಹೇಗೆ ಮಾಡಿದೆ ಎಂದು ಕೇಳಿದೆ. ‘ಎರಡರಲ್ಲಿ ಏಳು ಹೋಗಲ್ಲ ಟೀಚರ್, ಅದಕ್ಕೆ ಏಳರಲ್ಲಿ ಎರಡು ಕಳೆದೆ’ ಎಂದ. ಇದು ಅಜಾಗರೂಕತೆಯಲ್ಲ, ಒಂದು ನಿಯಮ. ಒಂದನೇ ತರಗತಿಯಲ್ಲಿ ನಾವೇ ‘ದೊಡ್ಡದರಿಂದ ಚಿಕ್ಕದನ್ನು ಕಳೆ’ ಎಂದು ಹೇಳಿಕೊಟ್ಟ ಮಾತನ್ನು ಅವನು ಇಲ್ಲಿಯೂ ನಿಷ್ಠೆಯಿಂದ ಪಾಲಿಸಿದ್ದ. ಮಕ್ಕಳ ಕಳೆಯುವ ಲೆಕ್ಕದ ಇಂಥ ತಪ್ಪುಗಳನ್ನು ಅಮೆರಿಕದ ಸಂಶೋಧಕರಾದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲೇ ವಿಂಗಡಿಸಿ, ಅವುಗಳಲ್ಲಿ ಹಲವು ಒಂದೊಂದು ತಪ್ಪು ನಿಯಮದ ಕ್ರಮಬದ್ಧ ಪಾಲನೆ ಎಂದು ತೋರಿಸಿದ್ದರು. ಉತ್ತರವನ್ನಷ್ಟೇ ತಿದ್ದಿದರೆ ನಿಯಮ ಒಳಗೇ ಉಳಿಯುತ್ತದೆ, ಮಾರನೆಯ ದಿನ 63ರಲ್ಲಿ 38 ಕಳೆಯುವಾಗ ಮತ್ತೆ ಎದ್ದು ಬರುತ್ತದೆ.

ಹಿಡಿಕಡ್ಡಿಗಳನ್ನು ಹತ್ತತ್ತರ ಕಂತೆ ಕಟ್ಟಿ ಇಟ್ಟಿದ್ದೆವು. ಐದು ಕಂತೆ ಮತ್ತು ಎರಡು ಬಿಡಿ ಕಡ್ಡಿಗಳನ್ನು ಅವನ ಮುಂದಿಟ್ಟು, ನನಗೆ 27 ಕಡ್ಡಿ ಕೊಡು ಎಂದೆ. ಎರಡು ಕಂತೆ ಕೊಟ್ಟ, ಎರಡು ಬಿಡಿ ಕಡ್ಡಿಗಳನ್ನೂ ಕೊಟ್ಟ, ಅಲ್ಲಿಗೆ ಅವನ ಕೈ ನಿಂತಿತು. ಇನ್ನೂ ಐದು ಬೇಕು. ಕಂತೆಯನ್ನು ನೋಡಿದ, ನನ್ನನ್ನು ನೋಡಿದ. ಪಕ್ಕದ ಹುಡುಗಿ ಬಾಯಿ ತೆರೆಯುವುದರಲ್ಲಿದ್ದಳು, ಸುಮ್ಮನಿರುವಂತೆ ಅವಳಿಗೆ ಸನ್ನೆ ಮಾಡಿದೆ. ಸುಮಾರು ಹೊತ್ತಿನ ಮೇಲೆ, ಏನೋ ಅಪರಾಧಕ್ಕೆ ಅನುಮತಿ ಕೇಳುವವನಂತೆ, ‘ಇದನ್ನ ಬಿಚ್ಚಲಾ ಟೀಚರ್?’ ಎಂದ. ಬಿಚ್ಚಿದ, ಐದು ಎಣಿಸಿ ಕೊಟ್ಟ, ತನ್ನ ಬಳಿ ಉಳಿದ ಎರಡು ಕಂತೆ ಮತ್ತು ಐದು ಕಡ್ಡಿಗಳನ್ನು ನೋಡಿದ. ಆಮೇಲೆ ಸ್ಲೇಟಿನ ಮೇಲಿದ್ದ 35ನ್ನು ತಾನೇ ಅಂಗೈಯಿಂದ ಒರೆಸಿದ. ‘ದಶಕ ತಗೊಳ್ಳುವುದು’ ಎಂದು ನಾನು ಎರಡು ವಾರ ಹಲಗೆಯ ಮೇಲೆ ಬರೆದು ತೋರಿಸಿದ್ದು ಯಾವ ಕೆಲಸ ಎಂಬುದು ಅವನಿಗೆ ಆ ಹೊತ್ತಿಗೆ ತಿಳಿಯಿತು. ಮೊದಲೇ ನಾನು ಬಿಚ್ಚಿಕೊಟ್ಟಿದ್ದರೆ ಕಂತೆಯನ್ನು ಬಿಚ್ಚಬೇಕಾದ ಅಗತ್ಯ ಅವನಿಗೆ ಹುಟ್ಟುತ್ತಲೇ ಇರಲಿಲ್ಲ.

ಇನ್ನು ನಿಮ್ಮ ಭಯದ ವಿಷಯ. ತಪ್ಪು ತಲೆಯಲ್ಲಿ ಕೂರುತ್ತದೆ ಎಂಬ ಮಾತಿಗೆ ದೊಡ್ಡ ಪಂಡಿತರ ಬೆಂಬಲವೂ ಇತ್ತು. ಬಿ. ಎಫ್. ಸ್ಕಿನ್ನರ್ ಎಂಬ ಮನೋವಿಜ್ಞಾನಿ 1950ರ ದಶಕದಲ್ಲಿ ರೂಪಿಸಿದ ಬೋಧನಾ ಯಂತ್ರಗಳು ಪಾಠವನ್ನು ಪುಟ್ಟ ಪುಟ್ಟ ಹೆಜ್ಜೆಗಳಾಗಿ ಒಡೆದು, ಕಲಿಯುವವರು ಆದಷ್ಟೂ ತಪ್ಪದಂತೆ ನೋಡಿಕೊಳ್ಳುತ್ತಿದ್ದವು. ತಿದ್ದದೆ ಬಿಟ್ಟ ತಪ್ಪು ರೂಢಿಯಾಗುತ್ತದೆ ಎಂಬುದು ಇಂದಿಗೂ ನಿಜ. ಆದರೆ ತಿದ್ದಿದ ತಪ್ಪಿನ ಕತೆ ಬೇರೆ. ಬ್ರೇಡಿ ಬಟರ್‌ಫೀಲ್ಡ್ ಮತ್ತು ಜಾನೆಟ್ ಮೆಟ್ಕಾಫ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಮಾನ್ಯ ಜ್ಞಾನದ ಪ್ರಶ್ನೆಗಳಿಗೆ ಉತ್ತರ ಕೊಟ್ಟವರು ತಮ್ಮ ಉತ್ತರದ ಬಗ್ಗೆ ತಮಗೆಷ್ಟು ಖಾತ್ರಿ ಎಂಬುದನ್ನೂ ಹೇಳಬೇಕಿತ್ತು. ಸರಿಯುತ್ತರವನ್ನು ತಿಳಿಸಿ ಮತ್ತೆ ಪರೀಕ್ಷಿಸಿದಾಗ, ಬಹಳ ಖಾತ್ರಿಯಿಂದ ಮಾಡಿದ ತಪ್ಪುಗಳೇ ಹೆಚ್ಚಾಗಿ ತಿದ್ದಿಹೋಗಿದ್ದವು. ಹೌದೆಂದು ನಂಬಿದ್ದು ಅಲ್ಲ ಎಂದಾಗ ಆಗುವ ಅಚ್ಚರಿಯೇ ಮನಸ್ಸನ್ನು ಆ ಕಡೆಗೆ ತಿರುಗಿಸುತ್ತದೆ ಎಂಬುದು ಅದಕ್ಕೆ ಅವರು ಕೊಟ್ಟ ವಿವರಣೆ.

ಮನು ಕಪೂರ್ ಎಂಬ ಶಿಕ್ಷಣ ವಿಜ್ಞಾನಿ ಸಿಂಗಪುರದ ಶಾಲೆಗಳಲ್ಲಿ ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಅವರು 2008ರಿಂದ ‘ಫಲ ಕೊಡುವ ಸೋಲು’ ಎಂಬ ಅರ್ಥದ ಹೆಸರಿನಲ್ಲಿ ಬರೆಯುತ್ತ ಬಂದ ಕ್ರಮ ಹೀಗಿದೆ: ಪಾಠಕ್ಕೆ ಮೊದಲೇ ಸಮಸ್ಯೆಯನ್ನು ಕೊಡುವುದು. ಕೆಲವು ಫುಟ್‌ಬಾಲ್ ಆಟಗಾರರು ವರ್ಷವರ್ಷವೂ ಹೊಡೆದ ಗೋಲುಗಳ ಪಟ್ಟಿಯನ್ನು ಪ್ರೌಢಶಾಲೆಯ ಮಕ್ಕಳ ಮುಂದಿಟ್ಟು, ಯಾರ ಆಟ ಹೆಚ್ಚು ಸ್ಥಿರ ಎಂಬುದನ್ನು ಅಳೆಯುವ ದಾರಿಯನ್ನು ನೀವೇ ಹುಡುಕಿ ಎನ್ನುತ್ತಿದ್ದರು. ಮಕ್ಕಳು ಸರಾಸರಿ ತೆಗೆದರು, ನಕ್ಷೆ ಬಿಡಿಸಿದರು, ಏರಿಳಿತಗಳನ್ನು ಕೂಡಿಸಿದರು, ಆದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಅಳೆಯುವ ಮಾನಕ ವಿಚಲನೆಯ ಸೂತ್ರದವರೆಗೆ ತಲುಪಲಿಲ್ಲ. ಆಮೇಲೆ ಶಿಕ್ಷಕರು ಅವರ ದಾರಿಗಳನ್ನೇ ಎತ್ತಿಕೊಂಡು, ಯಾವುದು ಎಲ್ಲಿ ಕೈಕೊಟ್ಟಿತು ಎಂದು ಹೋಲಿಸಿ ಸೂತ್ರವನ್ನು ಕಲಿಸಿದರು. ಸೂತ್ರಕ್ಕೆ ಅಂಕಿ ಹಾಕಿ ಲೆಕ್ಕ ಮಾಡುವುದರಲ್ಲಿ ಈ ಮಕ್ಕಳು ಮೊದಲೇ ಪಾಠ ಕೇಳಿದವರಷ್ಟೇ ಚುರುಕಾಗಿದ್ದರು. ಅರ್ಥ ಮಾಡಿಕೊಳ್ಳುವುದರಲ್ಲಿ, ಹೊಸ ಸಮಸ್ಯೆಗೆ ಅದನ್ನು ಹೊಂದಿಸುವುದರಲ್ಲಿ ಅವರಿಗಿಂತ ಮುಂದಿದ್ದರು. ಇಲ್ಲಿ ಗಮನಿಸಬೇಕಾದದ್ದು ಆ ಎರಡನೆಯ ಹಂತವನ್ನು. ಸೋಲಿನ ನಂತರ ಶಿಕ್ಷಕರು ಬಂದರು, ಪೂರ್ತಿ ಪಾಠ ಮಾಡಿದರು. ‘ತಾನೇ ಕಲಿಯುತ್ತಾನೆ ಬಿಡಿ’ ಎಂಬ ಮಾತಿನಲ್ಲಿ ಈ ಹಂತವೇ ಬಿಟ್ಟುಹೋಗಿರುತ್ತದೆ, ಅದಕ್ಕೇ ನನಗೆ ಆ ಮಾತು ಒಪ್ಪಿಗೆಯಿಲ್ಲ. ತನ್ಮಯ್ ಸಿನ್ಹಾ ಅವರೊಂದಿಗೆ ಕಪೂರ್ 2021ರಲ್ಲಿ ಇಂಥ 53 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ, ಚಿಕ್ಕ ತರಗತಿಗಳ ಮಕ್ಕಳಲ್ಲಿ ಈ ಲಾಭ ಕಾಣಲಿಲ್ಲ. ನಿಮ್ಮ ಮಗ ನಾಲ್ಕನೇ ತರಗತಿ. ಅವನನ್ನು ಒಂದು ಗಂಟೆ ತಡಕಾಡಲು ಬಿಡುವ ಅಗತ್ಯವಿಲ್ಲ. ಹತ್ತು ನಿಮಿಷ ಬಿಡಿ, ಆಮೇಲೆ ಪಕ್ಕದಲ್ಲಿ ಕೂತು ‘ಹೇಗೆ ಮಾಡಿದೆ, ಹೇಳು’ ಎನ್ನಿ.

ಮಲೆನಾಡಿನ ಮಕ್ಕಳಿಗೆ ಸೋತು ಕಲಿಯುವುದು ಗೊತ್ತಿಲ್ಲವೆಂದೇನೂ ಅಲ್ಲ. ಜುಲೈ ತಿಂಗಳಲ್ಲಿ ಮಳೆ ತುಸು ಹೊಳವಾದಾಗ ನಮ್ಮ ಶಾಲೆಯ ಅಂಗಳದಲ್ಲಿ ಹರಿಯುವ ನೀರಿಗೆ ಮಕ್ಕಳು ಕಟ್ಟ ಕಟ್ಟುತ್ತಾರೆ. ಬರೀ ಮಣ್ಣು ಗುಡ್ಡೆ ಹಾಕಿದ್ದನ್ನು ನೀರು ಕೊಚ್ಚಿಕೊಂಡು ಹೋಗುತ್ತದೆ. ಎತ್ತರಿಸಿದರೆ ಬುಡದಲ್ಲಿ ಸೋರುತ್ತದೆ. ಕಲ್ಲಿಟ್ಟು, ಸಂದಿಗೆ ಸೊಪ್ಪು ಮತ್ತು ಅಡಿಕೆ ಸಿಪ್ಪೆ ತುರುಕಿ, ಮೇಲೆ ಮಣ್ಣು ಮೆತ್ತಿದರೆ ನೀರು ನಿಲ್ಲುತ್ತದೆ, ತುಂಬಿ ಮೇಲಿಂದ ಉಕ್ಕಿ ಮತ್ತೆ ಒಡೆಯುತ್ತದೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ಯಾರಾದರೊಬ್ಬರು ಪಕ್ಕದಲ್ಲಿ ಒಂದು ಕೋಡಿ ಬಿಡುತ್ತಾರೆ. ಅಷ್ಟರಲ್ಲಿ ಕಟ್ಟ ಹತ್ತು ಸಲ ಒಡೆದಿರುತ್ತದೆ, ಒಬ್ಬರೂ ಅತ್ತಿರುವುದಿಲ್ಲ. ನೀರು ಅಂಕ ಕೊಡುವುದಿಲ್ಲ, ಮನೆಗೆ ಹೇಳಿ ಕಳಿಸುವುದಿಲ್ಲ, ಎಲ್ಲಿ ಒಡೆಯಿತು ಎಂಬುದನ್ನು ಮಾತ್ರ ತಕ್ಷಣ ತೋರಿಸುತ್ತದೆ. ಇದೇ ಮಕ್ಕಳು ಒಳಗೆ ಬಂದು ಕೂತಾಗ, ತಪ್ಪಿದ ಉತ್ತರವನ್ನು ನಾನು ನೋಡುವ ಮೊದಲೇ ರಬ್ಬರಿನಿಂದ ಕಾಗದ ಹರಿಯುವಷ್ಟು ಉಜ್ಜುತ್ತಾರೆ. ಹೊರಗೆ ಸೋಲು ಅಗ್ಗ, ಒಳಗೆ ಬಲು ದುಬಾರಿ. ನಾವು ದೊಡ್ಡವರು ಮಾಡಬಹುದಾದ ಕೆಲಸವೆಂದರೆ ಆ ಬೆಲೆಯನ್ನು ಇಳಿಸುವುದು. ಸ್ಲೇಟು ಮತ್ತು ಬಳಪ ಈ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿದ್ದವು, ಒರೆಸಿದರೆ ತಪ್ಪಿನ ಗುರುತೂ ಉಳಿಯುತ್ತಿರಲಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ರಾಜ್ಯಕ್ಕೆಲ್ಲ ಹರಡಿದ ನಲಿಕಲಿ ಪದ್ಧತಿಯಲ್ಲಿ ಗೋಡೆಯ ಕೆಳಭಾಗಕ್ಕೆ ಮಕ್ಕಳ ಎತ್ತರದಲ್ಲೇ ಕಪ್ಪುಹಲಗೆ ಬಂದದ್ದು, ‘ತಟ್ಟೆ’ ಎಂದು ಕರೆಯುವ ಕಲಿಕಾ ಗುಂಪುಗಳಲ್ಲಿ ಶಿಕ್ಷಕರ ಪೂರ್ಣ ಸಹಾಯದ ತಟ್ಟೆಯಿಂದ ಸ್ವಯಂ ಕಲಿಕೆಯ ತಟ್ಟೆಯವರೆಗೆ ಮಗು ತನ್ನದೇ ವೇಗದಲ್ಲಿ ಸಾಗುವಂತಾದದ್ದು ಇದೇ ಕಾರಣಕ್ಕೆ ನನಗೆ ಅಮೂಲ್ಯವೆನಿಸುತ್ತದೆ.

ಯಕ್ಷಗಾನದವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗ ಮೊದಲ ದಿನವೇ ಪ್ರಸಂಗದಲ್ಲಿ ವೇಷ ಕಟ್ಟುತ್ತಿರಲಿಲ್ಲ. ಪ್ರಸಂಗಕ್ಕೆ ಮೊದಲು ನಡೆಯುವ ಪೂರ್ವರಂಗದಲ್ಲಿ ಕೋಡಂಗಿಯಾಗಿ, ಆಮೇಲೆ ಬಾಲಗೋಪಾಲನಾಗಿ ಕುಣಿಯುತ್ತಿದ್ದ. ಜನ ಇನ್ನೂ ಊಟ ಮುಗಿಸಿ ಬರುತ್ತಿರುವ ಹೊತ್ತು ಅದು, ಹೆಜ್ಜೆ ತಪ್ಪಿದರೆ ಆಟವೇನೂ ಕೆಡುವುದಿಲ್ಲ. ಆದರೂ ಅದು ನಿಜವಾದ ರಂಗಸ್ಥಳ, ಹಿಂದೆ ನಿಜವಾದ ಭಾಗವತರು, ನಿಜವಾದ ಚೆಂಡೆ ಮದ್ದಳೆ. ತಪ್ಪಿದ್ದು ಭಾಗವತರಿಗೆ ತಿಳಿಯುತ್ತದೆ, ಮಾರನೆಯ ರಾತ್ರಿ ಮತ್ತೆ ಅದೇ ಕುಣಿತವಿರುತ್ತದೆ. ಕಾಲಮಿತಿಯ ಆಟಗಳು ಬಂದ ಮೇಲೆ ಪೂರ್ವರಂಗ ಮೊಟಕಾಗಿರುವುದು ನೋಡುಗರಿಗೆ ಅನುಕೂಲವಿರಬಹುದು, ಕಲಿಯುವ ಹುಡುಗರಿಗೆ ಮಾತ್ರ ನಷ್ಟವೆಂದು ನಾನು ಭಾವಿಸುತ್ತೇನೆ.

ಸೋಲಿನ ಬೆಲೆ ಹೆಚ್ಚಾದರೆ ಏನಾಗುತ್ತದೆ ಎಂಬುದಕ್ಕೂ ಪುರಾವೆಯಿದೆ. ಲಾರೆನ್ ಎಸ್ಕ್ರೈಸ್-ವಿಂಕ್ಲರ್ ಮತ್ತು ಆಯೆಲೆಟ್ ಫಿಶ್‌ಬ್ಯಾಕ್ 2019ರಲ್ಲಿ ವರದಿ ಮಾಡಿದ ಪ್ರಯೋಗಗಳಲ್ಲಿ ಪ್ರತಿ ಪ್ರಶ್ನೆಗೂ ಎರಡೇ ಉತ್ತರಗಳಿದ್ದವು, ಹಾಗಾಗಿ ‘ಸರಿ’ ಎಂದರೂ ‘ತಪ್ಪು’ ಎಂದರೂ ಸರಿಯುತ್ತರ ಯಾವುದೆಂದು ತಿಳಿದೇ ತಿಳಿಯುತ್ತದೆ. ಆದರೂ ‘ತಪ್ಪು’ ಎನಿಸಿಕೊಂಡವರು ಕಡಿಮೆ ಕಲಿತರು. ಮನಸ್ಸಿಗೆ ನೋವಾದಾಗ ಗಮನವೇ ಬಾಗಿಲು ಹಾಕಿಕೊಳ್ಳುತ್ತದೆ. ಬೇರೆಯವರ ಸೋಲನ್ನು ನೋಡುವಾಗ ಈ ತೊಂದರೆ ಇರಲಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ತಪ್ಪು ಮಾಡಿದವರನ್ನು ಎದ್ದು ನಿಲ್ಲಿಸಿ ಉತ್ತರವನ್ನು ಗಟ್ಟಿಯಾಗಿ ಓದಿಸುತ್ತಿದ್ದೆ. ಅದರಿಂದ ನೆನಪು ಗಟ್ಟಿಯಾಗುತ್ತದೆ ಎಂದು ಪ್ರಾಮಾಣಿಕವಾಗಿ ನಂಬಿದ್ದೆ. ಹಾಗೆ ನಿಂತ ಹುಡುಗಿಯೊಬ್ಬಳು ಆ ವರ್ಷವೆಲ್ಲ ಮತ್ತೆ ಕೈ ಎತ್ತಲಿಲ್ಲ, ಅದಕ್ಕೆ ನನಗೆ ಈಗಲೂ ನೋವಿದೆ. ಈಗ ವಾರಕ್ಕೊಮ್ಮೆ ಯಾರದೆಂದು ಹೇಳದೆ ಒಂದು ತಪ್ಪು ಉತ್ತರವನ್ನು ಹಲಗೆಯ ಮೇಲೆ ಬರೆದು, ಇದನ್ನು ಮಾಡಿದವರು ಏನು ಯೋಚಿಸಿರಬಹುದು ಎಂದು ಎಲ್ಲರನ್ನೂ ಕೇಳುತ್ತೇನೆ. ಕೆಲವೊಮ್ಮೆ ಬರೆದ ಮಗುವೇ ‘ನಂದೇ ಅದು’ ಎಂದು ಒಪ್ಪಿಕೊಂಡು ವಿವರಿಸುತ್ತದೆ.

ಸೋಲನ್ನು ಒಪ್ಪುವುದೆಂದರೆ ಮಗುವಿಗೆ ನಪಾಸು ಎಂಬ ಹಣೆಪಟ್ಟಿ ಹಚ್ಚುವುದನ್ನು ಒಪ್ಪಿದಂತಲ್ಲ. 2023–24ರಿಂದ ನಮ್ಮ ರಾಜ್ಯದಲ್ಲಿ ಎಸ್‌ಎಸ್‌ಎಲ್‌ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತಿದ್ದು, ಹೆಚ್ಚು ಬಂದ ಅಂಕಗಳು ಉಳಿಯುತ್ತವೆ. ಒಂದು ಸೋಲಿಗೆ ಒಂದಿಡೀ ವರ್ಷ ತೆರಬೇಕಾಗಿಲ್ಲ ಎಂಬ ಕಾರಣಕ್ಕೆ ಅದು ಒಳ್ಳೆಯ ಬದಲಾವಣೆ. ಆದರೆ ಮೊದಲನೆಯದರಲ್ಲಿ ಎಲ್ಲಿ ಎಡವಿದ್ದೆಂದು ಯಾರೂ ಕೂತು ತೋರಿಸದಿದ್ದರೆ ಎರಡನೆಯದೂ ಹಾಗೆಯೇ ಮುಗಿಯುತ್ತದೆ. ಮೆಟ್ಟುಗತ್ತಿಯ ಮುಂದೆ, ತುಂಬಿದ ಹಳ್ಳದ ಕಾಲುಸಂಕದ ಮೇಲೆ ತಪ್ಪಿ ಕಲಿಯಲಿ ಎಂದು ಯಾರೂ ಬಿಡುವುದಿಲ್ಲ, ಅಲ್ಲಿ ಮೊದಲೇ ಕೈ ಹಿಡಿಯಬೇಕು. ಮೇಲಿಂದ ಮೇಲೆ ಸೋತು ಕೈಚೆಲ್ಲಿ ಕೂತ ಮಗುವಿಗೂ ಹಾಗೆಯೇ, ಮೊದಲು ಗೆಲ್ಲಬಲ್ಲ ಲೆಕ್ಕವನ್ನು ಕೊಡಬೇಕು.

ಇನ್ನು ಅಜ್ಜನ ಆಟ. ಅವರು ಆಡುವುದು ಯಾವ ಆಟ ಎಂಬುದರ ಮೇಲೆ ಉತ್ತರ ನಿಂತಿದೆ. ಚೌಕಾಬಾರವಾದರೆ ಕವಡೆಗೆ ಚೌಕ ಬೀಳಬೇಕೋ ಬಾರ ಬೀಳಬೇಕೋ ಎಂಬುದು ಯಾರ ಕೈಯಲ್ಲೂ ಇಲ್ಲ, ಅಲ್ಲಿ ಅಜ್ಜ ಬೇಕೆಂದೇ ಸೋಲುವ ಅಗತ್ಯವೂ ಇಲ್ಲ, ಮೊಮ್ಮಗ ಆಗಾಗ ತಾನಾಗಿಯೇ ಗೆಲ್ಲುತ್ತಾನೆ. ಅಳಗುಳಿಮಣೆಯಾದರೆ ಮಾತು ಬೇರೆ. ಅಲ್ಲಿ ಪ್ರತಿ ಸೋಲಿಗೂ ಒಂದು ಕಾರಣವಿದೆ, ಯಾವ ಗುಳಿಯಿಂದ ಕಾಯಿ ಎತ್ತಿದೆ ಎಂಬುದರಲ್ಲಿ ಅದು ಕಾಣುತ್ತದೆ. ಅಜ್ಜ ಸುಳ್ಳೇ ಸೋತರೆ ಆ ಕಾರಣವೇ ಮುಚ್ಚಿಹೋಗುತ್ತದೆ, ಮಕ್ಕಳಿಗೆ ಸುಳ್ಳು ಗೆಲುವು ಬೇಗ ಗೊತ್ತೂ ಆಗುತ್ತದೆ. ನಮ್ಮ ಅಜ್ಜಿ ಒಮ್ಮೆಯೂ ಸೋತುಕೊಟ್ಟವರಲ್ಲ. ಆದರೆ ಆಟದ ಮೊದಲಿಗೆ ತಮ್ಮ ಪಾಲಿನ ಎರಡು ಗುಳಿಗಳ ಕಾಯಿಗಳನ್ನು ನನಗೆ ಬಿಟ್ಟುಕೊಡುತ್ತಿದ್ದರು, ಸೋತ ಮೇಲೆ ಮಣೆಯನ್ನು ಮಡಿಸಲು ಬಿಡದೆ ‘ಆ ಮೂಲೆ ಗುಳಿ ಯಾಕೆ ಎತ್ತಿದೆ ಮಗಾ, ಮತ್ತೆ ಇಟ್ಟು ನೋಡು’ ಎನ್ನುತ್ತಿದ್ದರು. ಕಾಯಿಗಳನ್ನು ಹಿಂದಿನ ಹಾಗೇ ಜೋಡಿಸಿ ಆ ಒಂದು ನಡೆಯನ್ನು ಬದಲಿಸಿ ಆಡುತ್ತಿದ್ದೆವು. ಬಿಟ್ಟುಕೊಡುವ ಗುಳಿಗಳು ಎರಡಿದ್ದದ್ದು ಒಂದಾಯಿತು, ನಾನು ಆರನೇ ತರಗತಿಗೆ ಬರುವ ಹೊತ್ತಿಗೆ ಅದೂ ನಿಂತಿತು. ನಿಮ್ಮ ಮನೆಯ ಅಜ್ಜನವರಿಗೆ ಇದನ್ನು ಹೇಳಿ ನೋಡಿ. ಮೊದಲ ಒಂದೆರಡು ದಿನ ಮಗ ಅತ್ತಾನು, ಅಳಲಿ. ಅತ್ತು ಮುಗಿದ ಮೇಲೆ ಮಣೆ ಇನ್ನೂ ಅಲ್ಲೇ ಇರಲಿ.