ಕದಿನವೋ, ಬಾಣವೋ? ಚಂದ್ರನತ್ತ ಹೊರಟ ಒಂದು ಕಥೆಯ ಟಿಪ್ಪಣಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ವಾಚನಾಲಯದಲ್ಲಿ ಭಾನುವಾರ ನಾವು ಕೆಲವರು ಸೇರಿ ಓದುತ್ತೇವೆ. ಹತ್ತನೆಯವರೆಗೆ ಕನ್ನಡದಲ್ಲಿ ಕಲಿತು, ಪ್ಲಸ್ ವನ್‌ನಲ್ಲಿ ಒಮ್ಮೆಲೇ ಇಂಗ್ಲಿಷ್ ಫಿಸಿಕ್ಸ್‌ಗೆ ಬಿದ್ದವರೇ ಜಾಸ್ತಿ. ಸೂತ್ರ ಬಾಯಿಗೆ ಬರುತ್ತದೆ, ಅದು ಏನು ಹೇಳುತ್ತದೆ ಅಂತ ಕೇಳಿದರೆ ಮಾತು ನಿಲ್ಲುತ್ತದೆ. ಅದಕ್ಕೇ ಈ ಸಲ ಒಂದು ಕಥೆ ಹಿಡಿದೆವು. ಜೂಲ್ಸ್ ವರ್ನ್ 1865ರಲ್ಲಿ ಬರೆದ ಚಂದ್ರಯಾತ್ರೆಯ ಕಾದಂಬರಿ ಮತ್ತು ಅದರ ಮುಂದಿನ ಭಾಗ, ಮಕ್ಕಳಿಗೆಂದು ಚಿಕ್ಕದು ಮಾಡಿದ್ದು. ಹಾಗೆ ಓದಿದಾಗ ಬರೆದುಕೊಂಡ ಟಿಪ್ಪಣಿ ಇದು.

ಕಥೆ ಸರಳ. ಅಮೆರಿಕದ ಫ್ಲೋರಿಡಾದಲ್ಲಿ ನೆಲದೊಳಗೆ 900 ಅಡಿ ಉದ್ದದ ಫಿರಂಗಿ ಎರಕ ಹೊಯ್ಯುತ್ತಾರೆ. ಅಲ್ಯೂಮಿನಿಯಂನ ಗುಂಡಿನೊಳಗೆ ಮೂವರು ಕೂರುತ್ತಾರೆ, ಜೊತೆಗೆ ನಾಯಿಗಳೂ ಇವೆ. ಡಿಸೆಂಬರಿನಲ್ಲಿ ಗುಂಡು ಹಾರುತ್ತದೆ. ಚಂದ್ರನ ಮೇಲೆ ಇಳಿಯುವುದಿಲ್ಲ, ಸುತ್ತು ಹಾಕಿ ಪೆಸಿಫಿಕ್ ಸಾಗರಕ್ಕೆ ಬಂದು ಬೀಳುತ್ತದೆ. ನೂರು ವರ್ಷದ ನಂತರ ಏನಾಯಿತು ನೋಡಿ. 1968ರ ಡಿಸೆಂಬರಿನಲ್ಲಿ ಅಪೊಲೊ 8 ಮೂವರನ್ನು ಹೊತ್ತು ಫ್ಲೋರಿಡಾದಿಂದಲೇ ಹೊರಟಿತು. ಚಂದ್ರನನ್ನು ಸುತ್ತಿ ಬಂದು ಪೆಸಿಫಿಕ್ಕಿನಲ್ಲೇ ಇಳಿಯಿತು. ಓದುವಾಗ ಮೈ ಜುಮ್ಮೆನ್ನುತ್ತದೆ.

ಆದರೆ ಪಾಠ ಇರುವುದು ಕಥೆ ತಪ್ಪಿದ ಕಡೆ.

ಮೊದಲ ತಪ್ಪು ಫಿರಂಗಿ. ಭೂಮಿಯ ಸೆಳೆತ ಬಿಟ್ಟು ಹೋಗಲು ಸೆಕೆಂಡಿಗೆ ಸುಮಾರು 11.2 ಕಿ.ಮೀ. ವೇಗ ಬೇಕು. ಇದೇ ವಿಮೋಚನಾ ವೇಗ. ಆ ವೇಗದಲ್ಲಿ ಕಾಸರಗೋಡಿನಿಂದ ಮಂಗಳೂರಿಗೆ ಐದು ಸೆಕೆಂಡೂ ಬೇಡ. ವರ್ನ್‌ಗೆ ಈ ಲೆಕ್ಕ ಗೊತ್ತಿತ್ತು. ತನ್ನ ಗುಂಡಿಗೆ ಅವನು ಕೊಟ್ಟದ್ದೂ ಸುಮಾರು 11 ಕಿ.ಮೀ. ವೇಗವೇ. ಈಗ ಒಂಬತ್ತನೆಯಲ್ಲಿ ಕಲಿತ ಚಲನೆಯ ಸಮೀಕರಣ ತೆಗೆಯಿರಿ. ನಿಂತಲ್ಲಿಂದ ಹೊರಟ ವಸ್ತು ಕೊನೆಗೆ ಪಡೆದ ವೇಗದ ವರ್ಗವನ್ನು, ಸಾಗಿದ ದೂರದ ಎರಡರಷ್ಟರಿಂದ ಭಾಗಿಸಿದರೆ ವೇಗೋತ್ಕರ್ಷ ಸಿಗುತ್ತದೆ. ವೇಗ 11,000 ಮೀಟರ್, ದೂರ 274 ಮೀಟರ್ (ಫಿರಂಗಿಯ 900 ಅಡಿ). ಉತ್ತರ 2,20,000ಕ್ಕಿಂತ ಸ್ವಲ್ಪ ಹೆಚ್ಚು. ಭೂಮಿಯ ಗುರುತ್ವಕ್ಕೆ ಹೋಲಿಸಿದರೆ 22,000 ಪಟ್ಟಿಗೂ ಜಾಸ್ತಿ! 50 ಕೆ.ಜಿ. ತೂಕದವನಿಗೆ ಆ ಕ್ಷಣ 1,100 ಟನ್ ತೂಗಿದಂತೆ ಆಗುತ್ತದೆ. ಒಂದೊಂದರಲ್ಲಿ ಹತ್ತು ಟನ್ ಕೆಂಪುಕಲ್ಲು ಹೇರಿದ ನೂರಹತ್ತು ಲಾರಿ ಎದೆ ಮೇಲೆ ನಿಂತ ಹಾಗೆ. ಇದೆಲ್ಲ ಮುಗಿಯುವುದು ಸೆಕೆಂಡಿನ ಇಪ್ಪತ್ತನೇ ಒಂದು ಪಾಲಿನಲ್ಲಿ. ಏಟು ತಪ್ಪಿಸಲು ಕಥೆಯಲ್ಲಿ ಕಾಲಡಿಗೆ ಮೂರಡಿ ನೀರಿನ ಮೆತ್ತೆ ಇಟ್ಟಿದ್ದಾರೆ. 274 ಮೀಟರಿಗೆ ಇನ್ನೊಂದು ಮೀಟರ್ ಸೇರಿದಂತೆ, ಅಷ್ಟೇ.

ಕುಂಬಳೆ ಜಾತ್ರೆಯ ಬೆಡಿ (ಸಿಡಿಮದ್ದು) ನೋಡಿದವರಿಗೆ ಇದಕ್ಕೆ ಪರಿಹಾರ ಕಣ್ಣಿಗೇ ಕಾಣುತ್ತದೆ. ಕದಿನ, ಅಂದರೆ ಮದ್ದು ತುಂಬಿದ ಕಬ್ಬಿಣದ ಕೊಳವೆ, ಒಂದೇ ಏಟಿಗೆ ಸಿಡಿದು ಮುಗಿಯುತ್ತದೆ. ಆಕಾಶಕ್ಕೆ ಹಾರುವ ಬಾಣ ಹಾಗಲ್ಲ, ಮದ್ದನ್ನು ಜೊತೆಗೇ ಹೊತ್ತುಕೊಂಡು, ಉರಿಸುತ್ತಾ ಉರಿಸುತ್ತಾ ಏರುತ್ತದೆ. ವರ್ನ್ ಕದಿನ ಆರಿಸಿದ. ಅವನ ಕಥೆ ಓದಿ ಹುಚ್ಚು ಹಿಡಿಸಿಕೊಂಡ ರಷ್ಯಾದ ಶಾಲಾ ಮೇಷ್ಟ್ರು ಕಾನ್‌ಸ್ಟಾಂಟಿನ್ ಸಿಯೋಲ್ಕೊವ್‌ಸ್ಕಿ ಬಾಣ ಆರಿಸಿದರು. ಚಿಕ್ಕಂದಿನಲ್ಲಿ ಜ್ವರ ಬಂದು ಕಿವಿ ಮಂದವಾಗಿದ್ದ ಮನುಷ್ಯ. 1903ರಲ್ಲಿ ಅವರು ರಾಕೆಟ್ಟಿನ ಲೆಕ್ಕ ಪ್ರಕಟಿಸಿದರು. ಇಂದು ಮನುಷ್ಯರನ್ನು ಒಯ್ಯುವ ರಾಕೆಟ್ ಎಂಟೊಂಬತ್ತು ನಿಮಿಷ ತೆಗೆದುಕೊಂಡು ಕಕ್ಷೆ ಸೇರುತ್ತದೆ. ಆದ್ದರಿಂದ ಮೈ ಮೇಲೆ ಬೀಳುವ ಭಾರ ಮೂರು ನಾಲ್ಕು ಪಟ್ಟು ಮಾತ್ರ.

ಇಲ್ಲಿ ನಮ್ಮಲ್ಲಿ ಹೆಚ್ಚಿನವರು ಎಡವುವ ಒಂದು ಜಾಗ ಇದೆ. ರಾಕೆಟ್ ಗಾಳಿಯನ್ನು ಹಿಂದಕ್ಕೆ ತಳ್ಳಿ ಮುಂದೆ ಹೋಗುತ್ತದೆ ಅಂದುಕೊಳ್ಳುತ್ತೇವೆ. ಹಾಗಿದ್ದರೆ ಗಾಳಿಯೇ ಇಲ್ಲದ ಕಡೆ ಏನನ್ನು ತಳ್ಳಬೇಕು? 1920ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಇದೇ ಪ್ರಶ್ನೆ ಎತ್ತಿ ಅಮೆರಿಕದ ರಾಕೆಟ್ ವಿಜ್ಞಾನಿ ರಾಬರ್ಟ್ ಗೊಡ್ಡಾರ್ಡ್ ಅವರನ್ನು ಗೇಲಿ ಮಾಡಿತ್ತು. 1926ರಲ್ಲಿ ಅವರು ಹಾರಿಸಿದ ಮೊದಲ ದ್ರವ ಇಂಧನದ ರಾಕೆಟ್ ಏರಿದ್ದು ಒಂದು ಅಡಿಕೆ ಮರದಷ್ಟು, ಸುಮಾರು 12 ಮೀಟರ್. ಪತ್ರಿಕೆ ತಿದ್ದುಪಡಿ ಹಾಕಿದ್ದು 1969ರ ಜುಲೈಯಲ್ಲಿ, ಅಪೊಲೊ 11 ಚಂದ್ರನ ದಾರಿಯಲ್ಲಿದ್ದಾಗ. ತೋಟಕ್ಕೆ ನೀರು ಬಿಡುವಾಗ ಪಂಪು ಶುರುವಾದ ಕೂಡಲೇ ನೆಲದಲ್ಲಿದ್ದ ಪೈಪು ಹಾವಿನ ಹಾಗೆ ಹಿಂದಕ್ಕೆ ಹೊಡೆದುಕೊಳ್ಳುತ್ತದೆ, ಅಲ್ವಾ? ನೀರು ಯಾವುದಕ್ಕೂ ಬಡಿಯಬೇಕಾಗಿಲ್ಲ. ಅದು ಮುಂದಕ್ಕೆ ಚಿಮ್ಮಿದ್ದೇ ಸಾಕು, ಪೈಪಿಗೆ ಹಿಂದಕ್ಕೆ ತಳ್ಳು ಸಿಗುತ್ತದೆ. ನ್ಯೂಟನ್ನನ ಮೂರನೇ ನಿಯಮ ಅಂದರೆ ಇದು.

(ನಮ್ಮ ಕೇರಳದ ತುಂಬಾ ಎಂಬ ಊರಿನಿಂದ 1963ರ ನವೆಂಬರ್ 21ರಂದು ಹಾರಿದ್ದೂ ಇಂಥದೇ ಬಾಣ. ಅಲ್ಲಿನ ಚರ್ಚೇ ಆಗ ವಿಜ್ಞಾನಿಗಳ ಕಚೇರಿಯಾಗಿತ್ತು.)

ಎರಡನೇ ತಪ್ಪು ನನಗೆ ಇನ್ನೂ ಇಷ್ಟ. ಕಥೆಯ ಮೂವರು ದಾರಿಯುದ್ದಕ್ಕೂ ಕಾಲೂರಿ ನಡೆಯುತ್ತಾರೆ. ಭೂಮಿ ಮತ್ತು ಚಂದ್ರನ ಸೆಳೆತ ಸರಿಸಮವಾಗುವ ಒಂದು ಬಿಂದುವಿನಲ್ಲಿ ಮಾತ್ರ ತೇಲುತ್ತಾರೆ. ಇದು ಸರಿಯಲ್ಲ. ಫಿರಂಗಿಯ ಬಾಯಿ ದಾಟಿ, ಗಾಳಿಯ ಪದರವೂ ಹಿಂದೆ ಬಿದ್ದ ಮೇಲೆ ಅವರು ಇಡೀ ದಾರಿ ತೇಲಬೇಕಿತ್ತು. ವಿಶೇಷ ಏನೆಂದರೆ ಸರಿಯಾದ ಉತ್ತರವೂ ಅದೇ ಪುಸ್ತಕದಲ್ಲಿದೆ! ಸ್ಯಾಟಲೈಟ್ ಎಂಬ ನಾಯಿ ಸಾಯುತ್ತದೆ. ಅದರ ದೇಹವನ್ನು ಹೊರಗೆ ಹಾಕುತ್ತಾರೆ. ಅದು ಹಿಂದೆ ಉಳಿಯದೆ ಗುಂಡಿನ ಪಕ್ಕದಲ್ಲೇ ಬರುತ್ತದೆ. ಎರಡಕ್ಕೂ ಒಂದೇ ವೇಗ, ಒಂದೇ ಸೆಳೆತ, ಹಾಗಾಗಿ ಜೊತೆಯಾಗಿ ಸಾಗುತ್ತವೆ. ಹೊರಗಿನ ನಾಯಿಗೆ ಅನ್ವಯಿಸಿದ ಈ ಮಾತನ್ನು ವರ್ನ್ ಒಳಗಿನ ಮನುಷ್ಯರಿಗೆ ಹೇಳಲಿಲ್ಲ.

ನೀವೇ ಪರೀಕ್ಷಿಸಬಹುದು. ಪ್ಲಾಸ್ಟಿಕ್ ಬಾಟಲಿಯ ಬುಡದ ಹತ್ತಿರ ತೂತು ಮಾಡಿ, ನೀರು ತುಂಬಿ, ಮುಚ್ಚಳ ತೆಗೆದಿಡಿ. ನೀರು ಚಿಮ್ಮುತ್ತದೆ. ಈಗ ಕೈ ಎತ್ತಿ ಬಾಟಲಿ ಬಿಟ್ಟುಬಿಡಿ. ಬೀಳುವಷ್ಟು ಹೊತ್ತು ಧಾರೆ ನಿಲ್ಲುತ್ತದೆ. ಬಾಟಲಿಯೂ ನೀರೂ ಒಟ್ಟಿಗೆ ಬೀಳುವಾಗ ನೀರು ಬಾಟಲಿಯನ್ನು ಒತ್ತುವುದಿಲ್ಲ. ಮೊಬೈಲಿನಲ್ಲಿ ನಿಧಾನ ಚಲನೆಯ ವಿಡಿಯೊ ತೆಗೆದರೆ ಚೆನ್ನಾಗಿ ಕಾಣುತ್ತದೆ.

ಇದನ್ನು ಅಂಗಳದಲ್ಲಿ ಮಾಡುತ್ತಿದ್ದಾಗ ಆರನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು, "ಕಥೆಯ ಗುಂಡು ಬೀಳುತ್ತಿರಲಿಲ್ಲವಲ್ಲ, ಮೇಲೆ ಹೋಗುತ್ತಿತ್ತು. ಬಾಟಲಿಯನ್ನು ಮೇಲಕ್ಕೆ ಎಸೆದರೆ?" ಎಸೆದು ನೋಡಿದೆವು. ಕೈ ಬಿಟ್ಟ ಕ್ಷಣದಿಂದಲೇ ಧಾರೆ ನಿಂತಿತು. ಏರುವಾಗಲೂ ಇಲ್ಲ, ಇಳಿಯುವಾಗಲೂ ಇಲ್ಲ. ನೆಲಕ್ಕೆ ಬಡಿದಾಗ ಮಾತ್ರ ನೀರೆಲ್ಲ ನಮ್ಮ ಕಾಲ ಮೇಲೆ ಎರಚಿತು.