ಸಿಆರ್‌ಪಿ ಜಾಸ್ತಿ ಬಂದರೆ ಆಂಟಿಬಯಾಟಿಕ್ ಬೇಕೇ ಬೇಕಾ?

ಮಳೆಗಾಲ ಶುರುವಾದರೆ ಈ ಪ್ರಶ್ನೆಯೂ ಶುರು. ಈ ಸಲ ಕೇಳಿದವರು ಮಲ್ಪೆಯ ಓದುಗರು: ‘ತಮ್ಮನಿಗೆ ಜ್ವರ. ರಕ್ತ ಪರೀಕ್ಷೆಯಲ್ಲಿ ಸಿಆರ್‌ಪಿ (ಸಿ-ರಿಯಾಕ್ಟಿವ್ ಪ್ರೋಟೀನ್) 38 ಬಂದಿದೆ. ಬ್ಯಾಕ್ಟೀರಿಯಾ ಅಂತ ಗೊತ್ತಾಯ್ತಲ್ಲ, ಮೆಡಿಕಲ್‌ನಿಂದ ಆಂಟಿಬಯಾಟಿಕ್ ತಂದು ಕೊಡಬಹುದಾ?’

ಗೊತ್ತಾಗಲಿಲ್ಲ, ಕೊಡಬೇಡಿ. ಎಷ್ಟು ಸಲ ಹೇಳಿದ್ದೇನೋ, ಇನ್ನೊಮ್ಮೆ ಹೇಳುತ್ತೇನೆ. ಸಿಆರ್‌ಪಿ ಬ್ಯಾಕ್ಟೀರಿಯಾ ಹುಡುಕುವ ಟೆಸ್ಟ್ ಅಲ್ಲ. ಅದು ನಮ್ಮದೇ ಲಿವರ್ ತಯಾರಿಸುವ ಪ್ರೋಟೀನ್. ಮೈಯಲ್ಲಿ ಎಲ್ಲಾದರೂ ಉರಿಯೂತ ಆದರೆ ಕೆಲವೇ ಗಂಟೆಗಳಲ್ಲಿ ಏರತೊಡಗುತ್ತದೆ, ಸುಮಾರು ಎರಡು ದಿನಕ್ಕೆ ಗರಿಷ್ಠ ಮಟ್ಟ ಮುಟ್ಟುತ್ತದೆ. ಯಾಕೆ ಉರಿಯೂತ ಅಂತ ಮಾತ್ರ ಹೇಳುವುದಿಲ್ಲ. 1930ರಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ವಿಜ್ಞಾನಿಗಳು ಇದನ್ನು ಮೊದಲು ಕಂಡದ್ದು ನ್ಯುಮೋನಿಯಾ ರೋಗಿಗಳಲ್ಲಿ, ನಿಜ. ಆದರೆ ಆಪರೇಷನ್ ಆದವರಲ್ಲೂ ಏರುತ್ತದೆ, ಮೂಳೆ ಮುರಿದವರಲ್ಲೂ ಏರುತ್ತದೆ, ಸಂಧಿವಾತ ಇದ್ದವರಲ್ಲೂ ಏರುತ್ತದೆ. ಡೆಂಗಿಯಲ್ಲೂ ಏರಬಹುದು. ಲೀಟರಿಗೆ ನೂರು ಮಿಲಿಗ್ರಾಂ ದಾಟಿದರೆ ಬ್ಯಾಕ್ಟೀರಿಯಾದ ಅನುಮಾನ ಬಲವಾಗುತ್ತದೆ, ಅಷ್ಟೇ. 38 ಅಂದರೆ ಆ ಕಡೆಯೂ ಅಲ್ಲ, ಈ ಕಡೆಯೂ ಅಲ್ಲ. ಅಂದಹಾಗೆ ರಿಪೋರ್ಟಿನಲ್ಲಿ ಯೂನಿಟ್ ನೋಡಿದಿರಾ? ಕೆಲವು ಲ್ಯಾಬ್‌ಗಳು ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಬರೆಯುತ್ತವೆ, ಕೆಲವು ಡೆಸಿಲೀಟರಿಗೆ. ಹತ್ತು ಪಟ್ಟು ವ್ಯತ್ಯಾಸ!

ಪ್ರೊಕ್ಯಾಲ್ಸಿಟೋನಿನ್ ಅಂತ ಇನ್ನೊಂದು ರಕ್ತ ಪರೀಕ್ಷೆ ಇದೆ. ಅದು ಇದಕ್ಕಿಂತ ವಾಸಿ, ಸಾಮಾನ್ಯ ವೈರಲ್ ಜ್ವರಕ್ಕೆ ಅಷ್ಟಾಗಿ ಏರುವುದಿಲ್ಲ. ಆದರೆ ಮಲೇರಿಯಾದಲ್ಲಿ ಏರುತ್ತದೆ. ಮಲೇರಿಯಾ ಬಹಳ ಕಂಡಿರುವ ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ತಮ್ಮ ಏನು ಕೆಲಸ ಮಾಡುತ್ತಾರೆ? ಅದನ್ನು ಮಾತ್ರ ಯಾರೂ ಬರೆಯುವುದಿಲ್ಲ. ನೇಜಿ (ಭತ್ತದ ಸಸಿ) ನೆಡಲು ಗದ್ದೆಗೆ ಇಳಿದವರಾದರೆ, ಇಲಿಯ ಮೂತ್ರ ಸೇರಿದ ನೀರಿನಿಂದ ಬರುವ ಇಲಿಜ್ವರ ಇರಬಹುದು. ಅದು ಬ್ಯಾಕ್ಟೀರಿಯಾವೇ, ಚಿಕಿತ್ಸೆ ತಡವಾಗಬಾರದು. ಮೊದಲ ನಾಲ್ಕೈದು ದಿನ ಆ್ಯಂಟಿಬಾಡಿ ಟೆಸ್ಟ್ ನೆಗೆಟಿವ್ ಬರಬಹುದು, ಅದನ್ನೇ ನಂಬಿ ಸುಮ್ನೆ ಕೂರಬೇಡಿ. ಇವತ್ತೇ ಡಾಕ್ಟರಿಗೆ ತೋರಿಸಿ, ಗದ್ದೆಗೆ ಇಳಿದದ್ದನ್ನೂ ಹೇಳಿ. ಬೋಟ್ ರಿಪೇರಿಯಲ್ಲಿ ವೆಲ್ಡಿಂಗ್ ಮಾಡುವವರಾದರೆ ಕಥೆ ಬೇರೆ. ಸತು ಲೇಪಿಸಿದ ಜಿಐ ಪೈಪಿಗೆ ವೆಲ್ಡಿಂಗ್ ಮಾಡುವಾಗ ಬರುವ ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ, ಮೈಕೈ ನೋವು. ಬಿಳಿ ರಕ್ತಕಣವೂ ಜಾಸ್ತಿ, ಸಿಆರ್‌ಪಿಯೂ ಜಾಸ್ತಿ. ಬ್ಯಾಕ್ಟೀರಿಯಾ ಒಂದೂ ಇಲ್ಲ! ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ.

ಕೆಲಸದ ಮಾತು ಬಂತಲ್ಲ, ಕೇಳದಿದ್ದರೂ ಹೇಳಿಬಿಡುತ್ತೇನೆ. ಅಡಿಕೆಗೆ ಮದ್ದು ಬಿಡುವವರಿಗೆ ಕೋಲಿನೆಸ್ಟರೇಸ್ ಟೆಸ್ಟ್ (ಕೆಲವು ಕೀಟನಾಶಕಗಳು ಮೈಸೇರಿದರೆ ಇಳಿಯುವ ರಕ್ತದ ಕಿಣ್ವವನ್ನು ಅಳೆಯುವುದು) ಉಪಯೋಗವಾ? ಬರೀ ಬೋರ್ಡೋ ದ್ರಾವಣ ಬಿಡುವವರಿಗೆ ಇಲ್ಲ. ಅದರಲ್ಲಿರುವುದು ಮೈಲುತುತ್ತು ಮತ್ತು ಸುಣ್ಣ. ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಹೊಡೆಯುವವರಿಗೆ ಉಪಯೋಗ ಇದೆ. ಆದರೆ ಹೊಡೆಯಲು ಶುರು ಮಾಡುವ ಮೊದಲೇ ಒಮ್ಮೆ ಮಾಡಿಸಿ ರಿಪೋರ್ಟ್ ಇಟ್ಟುಕೊಳ್ಳಬೇಕು. ಈ ಮಟ್ಟ ಒಬ್ಬೊಬ್ಬರಿಗೆ ಒಂದೊಂದು ಥರ. ನಿಮ್ಮದು ಅರ್ಧಕ್ಕೆ ಇಳಿದಿದ್ದರೂ ಲ್ಯಾಬ್‌ನವರು ‘ನಾರ್ಮಲ್’ ಅಂತಲೇ ಬರೆದುಕೊಡಬಹುದು.