ಇನ್ನೂ ಮೇಲೇಳುತ್ತಿರುವ ಕೆನಡಾದ ನೆಲ

‘ಕೆನಡಾದ ಹಡ್ಸನ್ ಕೊಲ್ಲಿಯಲ್ಲಿ ಗುರುತ್ವಾಕರ್ಷಣೆಯೇ ಇಲ್ಲ’ ಎನ್ನುವ ವಿಡಿಯೋಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಲೇ ಇರುತ್ತವೆ. ಅದು ಶುದ್ಧ ಸುಳ್ಳು. ಅಲ್ಲಿ ಗುರುತ್ವ ತುಸು ಕಡಿಮೆ ಇರುವುದು ನಿಜ. ಆದರೆ ಅದರಿಂದ 60 ಕಿಲೋ ತೂಗುವವರ ತೂಕದಲ್ಲಿ ಆಗುವ ವ್ಯತ್ಯಾಸ ಎರಡು ಮೂರು ಗ್ರಾಂ ಅಷ್ಟೆ. ಸೋಜಿಗವಿರುವುದು ಆ ಕೊರತೆಯ ಒಂದು ಕಾರಣದಲ್ಲಿ. ಸಾವಿರಾರು ವರ್ಷಗಳ ಹಿಂದೆ ಕರಗಿಹೋದ ಮಂಜುಗಡ್ಡೆಯ ಭಾರದಿಂದ ಆ ನೆಲ ಇನ್ನೂ ಚೇತರಿಸಿಕೊಳ್ಳುತ್ತಿದೆ.

ಕೆನಡಾ ಎಂದರೆ ಹಿಮ ಮತ್ತು ರಾಕಿ ಪರ್ವತ ಎಂದೇ ನಮ್ಮಲ್ಲಿ ಬಹಳ ಜನರ ಎಣಿಕೆ. ದೇಶದ ಅತಿ ಎತ್ತರದ ಶಿಖರವಾದ 5,959 ಮೀಟರಿನ ಲೋಗನ್ ಕೂಡ ರಾಕಿಯಲ್ಲಿಲ್ಲ, ಯೂಕಾನ್‌ನ ಸೇಂಟ್ ಎಲಿಯಾಸ್ ಸಾಲಿನಲ್ಲಿದೆ. ಪಶ್ಚಿಮದ ಈ ಪರ್ವತಸಾಲುಗಳು, ಅವುಗಳ ಮಗ್ಗುಲ ಪ್ರೇರಿ ಬಯಲು, ಸೇಂಟ್ ಲಾರೆನ್ಸ್ ನದಿಯ ತಗ್ಗುನೆಲ, ಪೂರ್ವದ ಸವೆದ ಅಪಲೇಶಿಯನ್ ಬೆಟ್ಟಗಳು, ಉತ್ತರದ ಆರ್ಕ್ಟಿಕ್ ದ್ವೀಪಗಳು, ಇವೆಲ್ಲ ಅಂಚಿನವು. ನಡುವೆ, ಹಡ್ಸನ್ ಕೊಲ್ಲಿಯನ್ನು ಕುದುರೆಲಾಳದ ಆಕಾರದಲ್ಲಿ ಸುತ್ತುವರಿದು, ದೇಶದ ಸುಮಾರು ಅರ್ಧ ಭಾಗವನ್ನು ಆವರಿಸಿರುವುದು ಕೆನಡಿಯನ್ ಶೀಲ್ಡ್ ಎಂಬ ಪುರಾತನ ಶಿಲೆಗಳ ನೆಲ. ಸುಮಾರು 400 ಕೋಟಿ ವರ್ಷ ಹಳೆಯ ಅಕಾಸ್ಟಾ ನೈಸ್ ಶಿಲೆ ಸಿಕ್ಕಿದ್ದು ಇಲ್ಲಿಯೇ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಇಂಥದೇ ಪುರಾತನ ನೈಸ್. ಆದರೆ ನಮ್ಮಲ್ಲಿ ಅಂಥ ಶಿಲೆ ಬಿಸಿಲು ಮಳೆಗೆ ಶಿಥಿಲವಾಗಿ ಆಳದ ಕೆಂಪು ಮಣ್ಣಾಯಿತು. ಅಲ್ಲಿ ಹಿಮ ಆ ಮಣ್ಣನ್ನೆಲ್ಲ ಕೆರೆದು ದಕ್ಷಿಣಕ್ಕೆ ಒಯ್ದಿತು. ಉಳಿದದ್ದು ಬೋಳು ಬಂಡೆ, ಲಕ್ಷಗಟ್ಟಲೆ ಸರೋವರ, ಬೇಸಾಯಕ್ಕೆ ಸಾಲದಷ್ಟು ತೆಳುವಾದ ಮಣ್ಣು.

ಸುಮಾರು 20,000 ವರ್ಷಗಳ ಹಿಂದೆ ಈ ಶೀಲ್ಡ್ ಮೇಲೆ ಲಾರೆಂಟೈಡ್ ಹಿಮಹಾಸು ಕೂತಿತ್ತು. ಕೊಲ್ಲಿಯ ಸುತ್ತ ಅದರ ದಪ್ಪ 3 ಕಿಲೋಮೀಟರಿನಷ್ಟು. ನೀರಿನ ಸಾಂದ್ರತೆಯನ್ನು 1 ಎಂದುಕೊಂಡರೆ ಮಂಜುಗಡ್ಡೆಯದು ಸುಮಾರು 0.9, ಭೂತೊಗಟೆಯ ಕೆಳಗಿನ ಮ್ಯಾಂಟಲ್‌ನದು ಸುಮಾರು 3.3. ಲೆಕ್ಕ ಸುಲಭ: 3,000 ಮೀಟರ್ ಹಿಮ ಸಾಕಷ್ಟು ಕಾಲ ಕೂತರೆ ನೆಲ 800 ಮೀಟರಿನಷ್ಟು ಕುಸಿಯಬೇಕು. ಹಾಗೆ ಕುಸಿದಾಗ ಅಡಿಯ ಮ್ಯಾಂಟಲ್ ಎಲ್ಲಿಗೆ ಹೋಗಬೇಕು? ಪಕ್ಕಕ್ಕೆ ಸರಿಯುತ್ತದೆ, ಹಿಮದ ಅಂಚಿನಾಚೆಯ ನೆಲವನ್ನು ಉಬ್ಬಿಸುತ್ತದೆ. ಹಿಮ ಕರಗಿದ ಮೇಲೆ ಎಲ್ಲವೂ ತಿರುಗುಮುರುಗು. ಜೋನಿಬೆಲ್ಲದಲ್ಲಿ ಸೌಟು ಒತ್ತಿ ತೆಗೆದಾಗ ಗುಳಿ ಮೆಲ್ಲಗೆ ತುಂಬಿಕೊಳ್ಳುತ್ತದಲ್ಲ, ಹಾಗೆ. ಬೆಲ್ಲಕ್ಕೆ ಕೆಲವು ಕ್ಷಣ ಸಾಕು, ಮ್ಯಾಂಟಲ್‌ಗೆ ಸಾವಿರಾರು ವರ್ಷ ಬೇಕು, ಏಕೆಂದರೆ ಅದು ದ್ರವವಲ್ಲ, ಬಹು ನಿಧಾನವಾಗಿ ಹರಿಯಬಲ್ಲ ಘನ ಶಿಲೆ.

ಆದ್ದರಿಂದಲೇ ಕೊಲ್ಲಿಯ ಪಶ್ಚಿಮ ದಂಡೆಯ ಚರ್ಚಿಲ್ ಊರಿನ ಬಳಿ ನೆಲ ಇಂದಿಗೂ ವರ್ಷಕ್ಕೆ ಸುಮಾರು 1 ಸೆಂಟಿಮೀಟರ್ ಏರುತ್ತಿದೆ. ಹಿಂದೆ ಉಬ್ಬಿದ್ದ ಅಂಚಿನಲ್ಲಿರುವ ಪೂರ್ವ ಕರಾವಳಿಯ ಹ್ಯಾಲಿಫ್ಯಾಕ್ಸ್ ನಗರ ಇಳಿಯುತ್ತಿದೆ. ಕೊಲ್ಲಿಯ ಪೂರ್ವ ದಂಡೆಯಲ್ಲಿ ಹಳೆಯ ಕಡಲತೀರಗಳ ಮರಳು, ನುಣುಪುಗಲ್ಲುಗಳ ದಿಬ್ಬಗಳು ಮೆಟ್ಟಿಲು ಮೆಟ್ಟಿಲಾಗಿ ನಿಂತಿವೆ. ಇಂದಿನ ಸಮುದ್ರಮಟ್ಟಕ್ಕಿಂತ 200 ಮೀಟರ್ ಮೇಲೂ ಅವು ಸಿಗುತ್ತವೆ. ಪಕ್ಕಕ್ಕೆ ಸರಿದ ಮ್ಯಾಂಟಲ್ ಪೂರ್ತಿ ಮರಳಿಲ್ಲದ್ದರಿಂದ ಗುರುತ್ವವೂ ಕಡಿಮೆ. ಆದರೆ 2002ರಲ್ಲಿ ಹಾರಿದ, ಭೂಮಿಯ ಗುರುತ್ವ ಅಳೆಯುವ ಗ್ರೇಸ್ ಜೋಡಿ ಉಪಗ್ರಹಗಳ ಮಾಪನದ ಪ್ರಕಾರ ಹಿಮದ ಪಾಲು ಕೊರತೆಯ ಅರ್ಧಕ್ಕಿಂತ ಕಡಿಮೆ. ಉಳಿದದ್ದಕ್ಕೆ ಮ್ಯಾಂಟಲ್‌ನ ಆಳದ ಚಲನೆಯೇ ಕಾರಣವೆಂದು ವಿಜ್ಞಾನಿಗಳು ಹೇಳುತ್ತಾರೆ.

ನೆಲ ತಗ್ಗಿದ್ದಾಗ ಸಮುದ್ರ ಒಳನಾಡಿಗೆ ನುಗ್ಗಿ ಜೇಡಿಯನ್ನು ಹಾಸಿತು. ನೆಲ ಎದ್ದ ಮೇಲೆ ಮಳೆನೀರು ಆ ಜೇಡಿಯ ಉಪ್ಪನ್ನು ತೊಳೆಯುತ್ತ ಬಂತು. ಕಣಗಳನ್ನು ಹಿಡಿದಿಟ್ಟಿದ್ದದ್ದೇ ಉಪ್ಪು. ಅದು ಹೋದ ಮೇಲೆ ಅಲುಗಾಟವಾದರೆ ಗಟ್ಟಿ ನೆಲ ಕ್ಷಣದಲ್ಲಿ ಕೆಸರಾಗಿ ಹರಿಯುತ್ತದೆ. 1971ರ ಮೇ 4ರಂದು ಕ್ವಿಬೆಕ್‌ನ ಸೇಂಟ್ ಜಾನ್ ವಿಯಾನಿಯಲ್ಲಿ ಮನೆಗಳು ಹೀಗೆಯೇ ಕೊಚ್ಚಿಹೋಗಿ 31 ಜನ ಸತ್ತರು.

ಪ್ರೇರಿಯ ಮ್ಯಾನಿಟೋಬಾ ಪ್ರಾಂತ್ಯದಲ್ಲಿ ತೊಂದರೆ ಬೇರೆ. ಅಗಾಸಿ ಎಂಬ ಹಿಮಯುಗದ ಮಹಾಸರೋವರದ ಚಪ್ಪಟೆ ತಳದಲ್ಲಿ ರೆಡ್ ನದಿ ಉತ್ತರಕ್ಕೆ ಹರಿಯುತ್ತದೆ. ವಸಂತದಲ್ಲಿ ಮೇಲುಹರಿವಿನ ದಕ್ಷಿಣ ಭಾಗ ಮೊದಲು ಕರಗುತ್ತದೆ, ಕೆಳಗೆ ಉತ್ತರದಲ್ಲಿ ಇನ್ನೂ ಗಡ್ಡೆ ಕಟ್ಟಿಕೊಂಡಿರುತ್ತದೆ. ದಾರಿ ಸಿಗದ ನೀರು ಬಯಲಿಗೆ ಹರಡುತ್ತದೆ. 1968ರಲ್ಲಿ ಮುಗಿದ 47 ಕಿಲೋಮೀಟರ್ ಉದ್ದದ ಕಾಲುವೆ ಈ ನೀರನ್ನು ವಿನಿಪೆಗ್ ನಗರದ ಪಕ್ಕದಿಂದ ಸುತ್ತಿಸಿ ಒಯ್ಯುತ್ತದೆ. 1997ರಲ್ಲಿ ಇದೇ ನದಿ ಅಮೆರಿಕದ ಗ್ರ್ಯಾಂಡ್ ಫೋರ್ಕ್ಸ್ ನಗರವನ್ನು ಮುಳುಗಿಸಿದಾಗ ವಿನಿಪೆಗ್ ಉಳಿದದ್ದು ಮುಖ್ಯವಾಗಿ ಆ ಕಾಲುವೆಯಿಂದ. ಉತ್ತರದ ನೆಲ ದಕ್ಷಿಣಕ್ಕಿಂತ ಬೇಗ ಏರುತ್ತಿರುವುದರಿಂದ, ಮೊದಲೇ ಇಳಿಜಾರಿಲ್ಲದ ಈ ನದಿಯ ವಾಟ ಇನ್ನಷ್ಟು ತಗ್ಗುತ್ತಿದೆ.